ಥೇಮ್ಸ್ ದಂಡೆಯ ಸೂಜಿಗಂಬ

ನಾನು ಲಂಡನ್ನಿಗೆ ಹೋದದ್ದು 1974ರ ವಸಂತದಲ್ಲಿ. ಥೇಮ್ಸ್ ನದಿಯ ಪಕ್ಕ, ವಿಕ್ಟೋರಿಯಾ ಎಂಬೇಂಕ್‌ಮೆಂಟ್ ಎಂಬ ದೊಡ್ಡ ರಸ್ತೆಯ ಅಂಚಿನಲ್ಲಿ ಈಜಿಪ್ಟಿನಿಂದ ತಂದ ಒಂದು ಕಲ್ಲುಕಂಬವಿದೆ. ಅಲ್ಲಿಯವರು ಅದನ್ನು ಕ್ಲಿಯೋಪಾತ್ರಳ ಸೂಜಿ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಅದಕ್ಕೆ ಸೂಜಿಗಂಬ ಎಂದೇ ಹೆಸರು ಬಿತ್ತು. ನಾನು ಮೊದಲು ಕಂಡಾಗ ಅದು ಕಪ್ಪಗಿತ್ತು. ಹುಟ್ಟಿನಿಂದ ಕೆಂಪು ಗ್ರಾನೈಟು, ಆದರೆ ನೂರು ವರ್ಷದ ಕಲ್ಲಿದ್ದಲ ಹೊಗೆ ಮೆತ್ತಿ ಮೆತ್ತಿ ಬಣ್ಣವೇ ಹೋಗಿತ್ತು. ಹತ್ತಿರದ ನೆಲದಡಿಯ ರೈಲು ನಿಲ್ದಾಣಕ್ಕೆ ಆಗ ಚೇರಿಂಗ್ ಕ್ರಾಸ್ ಎಂದು ಹೆಸರು. ಅದೇ ವರ್ಷ ಆಗಸ್ಟಿನಲ್ಲಿ ಅದು ಚೇರಿಂಗ್ ಕ್ರಾಸ್ ಎಂಬೇಂಕ್‌ಮೆಂಟ್ ಆಯಿತು, 1976ರ ಸೆಪ್ಟೆಂಬರಿನಲ್ಲಿ ಬರೀ ಎಂಬೇಂಕ್‌ಮೆಂಟ್ ಆಯಿತು. ನಾನು ದಿನಾ ಎಲ್ಲಿ ಇಳಿಯುತ್ತೇನೆಂದು ಊರಿಗೆ ಬರೆಯುತ್ತಿದ್ದ ಕಾಗದಗಳಲ್ಲಿ ಮೂರು ಹೆಸರು ಕಂಡ ನಮ್ಮಪ್ಪ, "ಏನಪ್ಪಾ, ಅಷ್ಟರೊಳಗೆ ಮೂರು ಕಡೆ ಕೆಲಸ ಬಿಟ್ಟೆಯಾ?" ಎಂದು ಗಾಬರಿಯಿಂದ ಕೇಳಿ ಬರೆದಿದ್ದರು.

ಆ ಕಾಲದಲ್ಲಿ ದೇಶ ಬಿಟ್ಟು ಹೊರಡುವವರಿಗೆ ಸರ್ಕಾರ ಕೊಡಿಸುತ್ತಿದ್ದ ವಿದೇಶಿ ಹಣ ಎಂಟು ಡಾಲರು. ಅದನ್ನು ಕೋಟಿನ ಒಳಜೇಬಿಗೆ ಹಾಕಿ ನಮ್ಮಮ್ಮ ದಬ್ಬಳ ತೆಗೆದುಕೊಂಡು ಹುರಿಯಲ್ಲಿ ಹೊಲಿದುಬಿಟ್ಟಿದ್ದರು. ಬಿಚ್ಚಲು ಅಲ್ಲಿ ಯಾರದೋ ಕತ್ತರಿ ಬೇಡಬೇಕಾಯಿತು. ನನಗೆ ಸಿಕ್ಕಿದ್ದು ಕಟ್ಟಡಗಳ ನಕ್ಷೆ ಬರೆಯುವ ಕಚೇರಿಯಲ್ಲಿ ಕೆಲಸ, ನದಿಯಿಂದ ಎರಡು ಬೀದಿ ಆಚೆ. ಮಧ್ಯಾಹ್ನ ಡಬ್ಬಿಯ ಮೊಸರನ್ನ ಹಿಡಿದು ನದಿಯ ಕಡೆಗೆ ಬರುತ್ತಿದ್ದೆ. ಸೇತುವೆಯ ಕೆಳಗಿನ ಪೆಟ್ಟಿಗೆಯಂಗಡಿಯಲ್ಲಿ ಒಂದು ಲೋಟ ಟೀಗೆ ಆರು ಪೆನ್ಸ್. ಒಂದು ಪೌಂಡು ಹತ್ತಿರ ಹತ್ತಿರ ಹದಿನೆಂಟು ರೂಪಾಯಿಗೆ ನಡೆಯುತ್ತಿದ್ದ ಕಾಲ ಅದು. ಲೆಕ್ಕ ಹಾಕಿದರೆ ಟೀಗೆ ರೂಪಾಯಿಯ ಮೇಲಾಗುತ್ತಿತ್ತು, ಆ ದುಡ್ಡಿಗೆ ಊರಿನಲ್ಲಿ ಮಸಾಲೆ ದೋಸೆ ತಿಂದು ಕಾಫಿಯನ್ನೂ ಕುಡಿಯಬಹುದಿತ್ತು. ನೀರು ಇಳಿದ ಹೊತ್ತಿನಲ್ಲಿ ನದಿಯ ಕೆಸರಿನ ವಾಸನೆ, ಬಸ್ಸುಗಳ ಡೀಸೆಲ್ ವಾಸನೆ, ಯಾರೋ ತಿನ್ನುತ್ತಿದ್ದ ಆಲೂಗೆಡ್ಡೆ ಹೋಳಿನ ಮೇಲಿನ ಹುಳಿ ವಿನಿಗರ್ ವಾಸನೆ. ಈ ಮೂರೂ ಸೇರಿದ್ದೇ ನನಗೆ ಆ ದಂಡೆಯ ವಾಸನೆ.

ಅಲ್ಲಿಯ ಬೆಂಚುಗಳು ಎರಕದ ಕಬ್ಬಿಣದವು. ಕೆಲವಕ್ಕೆ ಕಾಲು ಮಡಿಸಿ ಕುಳಿತ ಒಂಟೆಗಳ ಆಸರೆ, ಕೆಲವಕ್ಕೆ ಸಿಂಹದ ಮೈ, ಮನುಷ್ಯರ ಮುಖದ ಸ್ಫಿಂಕ್ಸುಗಳದ್ದು. ಕಂಬ ಬಂದ ಮೇಲೆ ಇಡೀ ದಂಡೆಗೇ ಈಜಿಪ್ಟಿನ ಅಲಂಕಾರ ಮಾಡಿದ್ದರು. ಕಚೇರಿಯ ಒಬ್ಬ ಹಿರಿಯ ನಕ್ಷೆಗಾರರು ನನ್ನ ಪಕ್ಕ ಕೂತು ಬ್ರೆಡ್ಡು ತಿನ್ನುತ್ತಿದ್ದರು. ನಿವೃತ್ತಿಗೆ ಹತ್ತಿರವಾಗಿದ್ದವರು. ಇದೇ ರಸ್ತೆಯಲ್ಲಿ 1952ರವರೆಗೆ ಓಡಿದ ಟ್ರಾಮುಗಳಲ್ಲಿ ಓಡಾಡಿದವರು. ನನ್ನನ್ನು "ಯಂಗ್ ಮ್ಯಾನ್" ಎಂದೇ ಕರೆಯುತ್ತಿದ್ದರು. ಒಂದು ದಿನ ಅವರು, "ಈ ರಸ್ತೆಯ ಕೆಳಗೆ ಏನಿದೆ ಗೊತ್ತೇ?" ಎಂದು ಕೇಳಿ ತಾವೇ ಹೇಳಿದರು: ರೈಲು ಇದೆ, ಅದರ ಪಕ್ಕದಲ್ಲಿ ಊರಿನ ಕೊಳಚೆಯ ಕಾಲುವೆ ಇದೆ. 1858ರ ಬೇಸಿಗೆಯಲ್ಲಿ ಥೇಮ್ಸ್ ಎಷ್ಟು ನಾತ ಹೊಡೆಯಿತೆಂದರೆ ಪಾರ್ಲಿಮೆಂಟಿನವರಿಗೆ ಕೂರಲಾಗಲಿಲ್ಲ. ಜೋಸೆಫ್ ಬಾಜಲ್ಗೆಟ್ ಎಂಬ ಇಂಜಿನಿಯರು ಕಾಲುವೆ ತೋಡಿಸಿ, ನದಿಯ ಅಂಚನ್ನೇ ಒತ್ತಿ, 1870ರ ಹೊತ್ತಿಗೆ ಈ ದಂಡೆ ಕಟ್ಟಿಸಿದರು. ಎಂಟು ವರ್ಷದ ಮೇಲೆ ಕಂಬ ಬಂದಾಗ ಅದಕ್ಕೆ ಸಿಕ್ಕಿದ್ದು ಲಂಡನ್ನಿನ ಅತಿ ಹೊಸ ನೆಲ.

ಕಂಬವೇನೋ ಅತಿ ಹಳೆಯದು. ದಕ್ಷಿಣ ಈಜಿಪ್ಟಿನ ಆಸ್ವಾನಿನ ಗಣಿಯಲ್ಲಿ ಕಡಿದ ಒಂದೇ ಕಲ್ಲು, ಎತ್ತರ 68 ಅಡಿಗೂ ಮೇಲೆ, ತೂಕ ಇನ್ನೂರು ಟನ್ನಿನ ಆಸುಪಾಸು. ಕ್ರಿಸ್ತಪೂರ್ವ 1450ರ ಸುಮಾರಿಗೆ ಮೂರನೆಯ ಥುಟ್‌ಮೋಸ್ ಎಂಬ ಅರಸ ಇಂಥ ಎರಡು ಕಂಬಗಳನ್ನು ಹೆಲಿಯೊಪೊಲಿಸ್ ಎಂಬ ಊರಿನ ಸೂರ್ಯದೇವಾಲಯದ ಮುಂದೆ ನಿಲ್ಲಿಸಿದ. ಇನ್ನೂರು ವರ್ಷ ಕಳೆದು ಎರಡನೆಯ ರಾಮ್ಸೆಸ್ ಬಂದು, ಥುಟ್‌ಮೋಸ್ ಬರೆಸಿದ್ದ ಸಾಲಿನ ಎರಡೂ ಪಕ್ಕದ ಖಾಲಿ ಜಾಗದಲ್ಲಿ ತನ್ನ ಗೆಲುವುಗಳನ್ನು ಕೊರೆಸಿದ. ಆಮೇಲೆ ರೋಮಿನವರು ಬಂದರು. ಕ್ರಿಸ್ತಪೂರ್ವ 12ರ ಸುಮಾರಿಗೆ, ಆಗಸ್ಟಸ್ ಆಳುತ್ತಿದ್ದಾಗ, ಎರಡೂ ಕಂಬಗಳನ್ನು ಅಲೆಕ್ಸಾಂಡ್ರಿಯಕ್ಕೆ ಸಾಗಿಸಿ ಕಡಲ ಪಕ್ಕದ ಸೀಸರ್ ದೇವಾಲಯದ ಮುಂದೆ ನಿಲ್ಲಿಸಿದರು. ಆ ದೇವಾಲಯ ಕಟ್ಟಿಸಲು ತೊಡಗಿದವಳು ಕ್ಲಿಯೋಪಾತ್ರ. ಕಂಬ ಅಲ್ಲಿಗೆ ಬರುವ ಹೊತ್ತಿಗೆ ಅವಳು ಸತ್ತು ಸುಮಾರು ಹದಿನೆಂಟು ವರ್ಷವೇ ಆಗಿತ್ತು. ಹೆಸರು ಮಾತ್ರ ಅವಳದ್ದೇ ನಿಂತಿತು. ಮುಂದೆ ಎಂದೋ ಎರಡರಲ್ಲಿ ಒಂದು ಕಂಬ ಮಗುಚಿ ಬಿದ್ದು ಮರಳಿನಲ್ಲಿ ಹೂತುಹೋಯಿತು. ಹೂತದ್ದೇ ಅದರ ಪುಣ್ಯ. ಮರಳಿನಡಿಯಲ್ಲಿ ಅಕ್ಷರಗಳು ಸವೆಯಲಿಲ್ಲ.

ನಾನು ಬೆಳೆದದ್ದು ಶ್ರೀರಂಗಪಟ್ಟಣದಲ್ಲಿ. ಅಲ್ಲಿಯ ಕೋಟೆಯ ಹತ್ತಿರವೂ ಚೂಪು ತಲೆಯ ಒಂದು ಕಂಬವಿದೆ, 1799ರ ಮುತ್ತಿಗೆಯ ನೆನಪಿಗೆ ಮೈಸೂರು ಸಂಸ್ಥಾನದ ಸರ್ಕಾರ 1907ರಲ್ಲಿ ನಿಲ್ಲಿಸಿದ್ದು. ಬಿಸಿಲಿನಲ್ಲಿ ಅದರ ಬುಡದ ನೆರಳಿಗೆ ಮೇಕೆಗಳು ಮಲಗುತ್ತಿದ್ದವು, ನಾವು ಹುಡುಗರು ಸುತ್ತ ಚಿನ್ನಿದಾಂಡು ಆಡುತ್ತಿದ್ದೆವು. ಆ ಆಕಾರ ಈಜಿಪ್ಟಿನದೆಂದು ಆಗ ನಮಗೆ ಯಾರೂ ಹೇಳಿರಲಿಲ್ಲ. ಲಂಡನ್ನಿನ ಕಂಬವನ್ನು ಮೊದಲು ಕಂಡ ದಿನ ನನಗೆ ನೆನಪಾದದ್ದು ಆ ಮೇಕೆಗಳೇ. ಹಿರಿಯ ನಕ್ಷೆಗಾರರಿಗೆ ಹೇಳಿದೆ. ಅವರು ನಗಲಿಲ್ಲ. ಮಾರನೆಯ ವಾರ ತಮ್ಮ ಮನೆಯಿಂದ ಒಂದು ದಪ್ಪ ಚರಿತ್ರೆಯ ಪುಸ್ತಕ ತಂದು ನನ್ನ ಮೇಜಿನ ಮೇಲಿಟ್ಟರು.

ಅದನ್ನು ಓದಿದ ಮೇಲೆ ಎರಡು ಕಂಬಗಳ ನಡುವಿನ ನಂಟು ತಿಳಿಯಿತು. ಲಂಡನ್ನಿನ ಕಂಬ ಬ್ರಿಟಿಷರಿಗೆ ಉಡುಗೊರೆಯಾಗಿ ಬಂದದ್ದು ಎರಡು ಯುದ್ಧಗಳ ನೆನಪಿಗೆ. ಒಂದು, 1798ರಲ್ಲಿ ನೈಲ್ ನದಿಯ ಬಾಯಲ್ಲಿ ನೆಲ್ಸನ್ ನೆಪೋಲಿಯನ್ನನ ಹಡಗುಗಳನ್ನು ಸುಟ್ಟದ್ದು. ಇನ್ನೊಂದು, 1801ರಲ್ಲಿ ಅಲೆಕ್ಸಾಂಡ್ರಿಯದಲ್ಲಿ ರಾಲ್ಫ್ ಅಬರ್‌ಕ್ರೋಂಬಿ ಫ್ರೆಂಚರನ್ನು ಸೋಲಿಸಿ ತಾನೂ ಗಾಯಗೊಂಡು ಸತ್ತದ್ದು. ಹಡಗು ಕಳೆದುಕೊಂಡ ನೆಪೋಲಿಯನ್ 1799ರ ಆರಂಭದಲ್ಲಿ ಕೈರೋದಿಂದ ನಮ್ಮ ಟಿಪ್ಪು ಸುಲ್ತಾನನಿಗೆ ನೆರವಿನ ಮಾತಾಡಿ ಕಾಗದ ಬರೆದ. ಕಾಗದ ಬ್ರಿಟಿಷರ ಕೈಗೆ ಸಿಕ್ಕಿತು, ನೆರವು ಬರಲಿಲ್ಲ. ಮೇ 4ರಂದು ಪಟ್ಟಣ ಬಿತ್ತು, ಸುಲ್ತಾನ ಸತ್ತ. ಅಬರ್‌ಕ್ರೋಂಬಿಯ ತಮ್ಮ ರಾಬರ್ಟ್ 1792ರ ಮುತ್ತಿಗೆಯಲ್ಲಿ ಬೊಂಬಾಯಿ ಸೇನೆಯನ್ನು ನಮ್ಮೂರಿಗೆ ನಡೆಸಿದವನು. 1799ರಲ್ಲಿ ಕೋಟೆಗೆ ನುಗ್ಗಿದ ದಳದ ಮುಂದಾಳು ಡೇವಿಡ್ ಬೈರ್ಡ್, ಹಿಂದೆ ಅದೇ ಪಟ್ಟಣದಲ್ಲಿ ಸೆರೆಯಲ್ಲಿ ಕೊಳೆತಿದ್ದವನು. ಎರಡೇ ವರ್ಷದ ಮೇಲೆ ಅವನೇ ಹಿಂದೂಸ್ತಾನದ ಸಿಪಾಯಿಗಳನ್ನು ಕೆಂಪು ಸಮುದ್ರದ ಮೇಲೆ ಸಾಗಿಸಿ, ಮರುಭೂಮಿ ದಾಟಿಸಿ, ನೈಲ್ ನದಿಗುಂಟ ಈಜಿಪ್ಟಿನ ಯುದ್ಧಕ್ಕೆ ಕರೆದೊಯ್ದ. ಆ ಸಿಪಾಯಿಗಳ ಹೆಸರು ಎರಡು ಕಂಬಗಳಲ್ಲಿ ಯಾವುದರ ಮೇಲೂ ಇಲ್ಲ. ಇದು ನನ್ನನ್ನು ಆಗಲೂ ಕಾಡಿತು, ಈಗಲೂ ಕಾಡುತ್ತದೆ.

ಉಡುಗೊರೆ ಕೊಟ್ಟವನು ಈಜಿಪ್ಟನ್ನು ಆಳುತ್ತಿದ್ದ ಮಹಮ್ಮದ್ ಅಲಿ, ಕೊಟ್ಟದ್ದು 1819ರಲ್ಲಿ. ಸರ್ಕಾರ ಸ್ವೀಕರಿಸಿತು, ಸಾಗಿಸುವ ಖರ್ಚಿಗೆ ಮಾತ್ರ ಕೈ ಬಿಚ್ಚಲಿಲ್ಲ. ಕಂಬ ಇನ್ನೂ ಐವತ್ತೆಂಟು ವರ್ಷ ಮರಳಿನಲ್ಲೇ ಮಲಗಿತ್ತು. ಅಷ್ಟರಲ್ಲಿ ಫ್ರೆಂಚರು ಲಕ್ಸಾರಿನ ಕಂಬವೊಂದನ್ನು 1836ರಲ್ಲಿ ಪ್ಯಾರಿಸ್ಸಿನ ನಡುಚೌಕದಲ್ಲಿ ನಿಲ್ಲಿಸಿ ಮೆರೆದರು. ಅದನ್ನು ಕಂಡ ಜೇಮ್ಸ್ ಅಲೆಕ್ಸಾಂಡರ್ ಎಂಬ ಸೇನಾಧಿಕಾರಿ, ನಮ್ಮದು ಮರಳಿನಲ್ಲಿ ಬಿದ್ದಿದೆಯಲ್ಲ ಎಂದು ಮನೆಮನೆಯ ಬಾಗಿಲು ತಟ್ಟಿದ. ಕೊನೆಗೆ ಒಪ್ಪಿದವರು ಇರಾಸ್ಮಸ್ ವಿಲ್ಸನ್ ಎಂಬ ಚರ್ಮರೋಗದ ವೈದ್ಯರು. ಹತ್ತು ಸಾವಿರ ಪೌಂಡು ಕೊಡುತ್ತೇನೆ, ಆದರೆ ಕಂಬ ಲಂಡನ್ನಿನಲ್ಲಿ ನೆಟ್ಟಗೆ ನಿಂತ ಮೇಲೆ ಕೊಡುತ್ತೇನೆ ಎಂಬುದು ಅವರ ಕರಾರು. ಜಾನ್ ಡಿಕ್ಸನ್ ಎಂಬ ಇಂಜಿನಿಯರು ಆ ಕರಾರಿಗೆ ರುಜು ಹಾಕಿದರು. ದಾರಿಯಲ್ಲಿ ಕಲ್ಲು ಕಳೆದರೆ ನಷ್ಟವೆಲ್ಲ ಅವರದೇ. ಇಂಥ ಧೈರ್ಯದ ಗುತ್ತಿಗೆದಾರರನ್ನು ನಾನು ನನ್ನ ನಲವತ್ತು ವರ್ಷದ ಕಟ್ಟಡದ ಕೆಲಸದಲ್ಲಿ ಕಾಣಲಿಲ್ಲ.

ಡಿಕ್ಸನ್ ಹೂಡಿದ ಉಪಾಯವನ್ನು ಓದಿದಾಗ ನನಗೆ ಇಪ್ಪತ್ತಾರು ವಯಸ್ಸು, ಒಂದು ರಾತ್ರಿ ನಿದ್ದೆಯೇ ಬರಲಿಲ್ಲ. ಇನ್ನೂರು ಟನ್ನಿನ ಕಲ್ಲನ್ನು ಹಡಗಿಗೆ ಏರಿಸುವ ಗೋಜಿಗೆ ಅವರು ಹೋಗಲೇ ಇಲ್ಲ. ಕಲ್ಲಿನ ಸುತ್ತಲೇ ಹಡಗು ಕಟ್ಟಿದರು. ಒನಕೆಗೆ ಸುತ್ತ ತಗಡಿನ ಕೊಳವೆ ಹೊದಿಸಿ ಎರಡೂ ತುದಿ ಮುಚ್ಚಿ ಕೆರೆಗೆ ಉರುಳಿಸಿದ ಹಾಗೆ. ಕೊಳವೆಯ ಉದ್ದ 92 ಅಡಿ, ಅಡ್ಡಳತೆ 16 ಅಡಿ. ಕಬ್ಬಿಣದ ತುಂಡುಗಳನ್ನು ಲಂಡನ್ನಿನ ಥೇಮ್ಸ್ ಐರನ್‌ವರ್ಕ್ಸ್ ಕಾರ್ಖಾನೆಯಲ್ಲಿ ಮಾಡಿ, ಬಿಡಿಬಿಡಿಯಾಗಿ ಅಲೆಕ್ಸಾಂಡ್ರಿಯಕ್ಕೆ ಕಳಿಸಿ, ಮರಳು ತೋಡಿದ ಜಾಗದಲ್ಲೇ ಕಲ್ಲಿನ ಸುತ್ತ ಜೋಡಿಸಿದರು. ಒಳಗೆ ಅಡ್ಡಗೋಡೆಗಳು, ಕಲ್ಲು ಅಲುಗದಂತೆ ಮರದ ಆಸರೆಗಳು. ಉರುಳಿಸಿ ಕಡಲಿಗೆ ಇಳಿಸುವಾಗ ಮರಳೊಳಗಿದ್ದ ಬಂಡೆಯೊಂದು ತಗಡಿಗೆ ಚುಚ್ಚಿ ನೀರು ನುಗ್ಗಿತು. ಅದನ್ನು ತೇಪೆ ಹಾಕಿ ಸರಿಮಾಡಿದರು. ಆಮೇಲೆ ಮೇಲುಗಡೆ ಒಂದು ಪುಟ್ಟ ಕೋಣೆ, ಚುಕ್ಕಾಣಿ, ಗಿಡ್ಡ ಹಾಯಿಕಂಬ ಇಟ್ಟು ಅದಕ್ಕೆ ಕ್ಲಿಯೋಪಾತ್ರ ಎಂದೇ ಹೆಸರಿಟ್ಟರು. ನಾನು ಆ ಕೊಳವೆಯ ಅಡ್ಡಕೊಯ್ತದ ಚಿತ್ರವನ್ನು ಪಾರದರ್ಶಕ ಕಾಗದದ ಮೇಲೆ ಮಸಿಯಲ್ಲಿ ನಕಲು ಮಾಡಿ, ಬಾಡಿಗೆ ಕೋಣೆಯ ಗೋಡೆಗೆ ಅಂಟಿಸಿಕೊಂಡಿದ್ದೆ. ಮುಂದೆ ಮದುವೆಯಾಗಿ ಬಂದ ನನ್ನಾಕೆ ಅದನ್ನು ಕಂಡು, "ರೀ, ಇದೇನು ಗ್ಯಾಸ್ ಸಿಲಿಂಡರಿನ ಚಿತ್ರ ಗೋಡೆಗೆ?" ಎಂದಳು.

1877ರ ಸೆಪ್ಟೆಂಬರ್ 21ರಂದು ಓಲ್ಗಾ ಎಂಬ ಉಗಿಹಡಗು ಆ ಕೊಳವೆಯನ್ನು ಹಗ್ಗ ಕಟ್ಟಿ ಎಳೆಯುತ್ತ ಅಲೆಕ್ಸಾಂಡ್ರಿಯ ಬಿಟ್ಟಿತು. ಓಲ್ಗಾದ ಕಪ್ತಾನ ಬೂತ್. ಕೊಳವೆಯ ಮೇಲಿದ್ದವರು ಕಪ್ತಾನ ಕಾರ್ಟರ್ ಮತ್ತು ಕೆಲವು ನಾವಿಕರು. ಮೆಡಿಟರೇನಿಯನ್ ಸಮುದ್ರ ದಾಟಿ, ಜಿಬ್ರಾಲ್ಟರ್ ದಾಟಿ, ಫ್ರಾನ್ಸ್ ಸ್ಪೇನುಗಳ ನಡುವಿನ ಬಿಸ್ಕೆ ಕೊಲ್ಲಿಗೆ ಬಂದಾಗ, ಅಕ್ಟೋಬರ್ 14ರಂದು ಬಿರುಗಾಳಿ ಎದ್ದಿತು. ಕೊಳವೆ ಹುಚ್ಚುಹುಚ್ಚಾಗಿ ಹೊರಳತೊಡಗಿತು, ಹಾಯಿಕಂಬ ನೀರಿಗೆ ಮುಟ್ಟುವಷ್ಟು ವಾಲಿತು. ಅದರ ಮೇಲಿದ್ದವರನ್ನು ಬಿಡಿಸಿಕೊಂಡು ಬರಲು ಓಲ್ಗಾದಿಂದ ಆರು ಜನ ತಾವಾಗಿ ಮುಂದೆ ಬಂದು ಸಣ್ಣ ದೋಣಿಯಲ್ಲಿ ಇಳಿದರು. ಅಲೆಗಳು ದೋಣಿಯನ್ನು ಮಗುಚಿದವು. ಆರೂ ಜನ ಮುಳುಗಿದರು. ವಿಲಿಯಂ ಆಸ್ಕಿನ್, ಮೈಕೇಲ್ ಬರ್ನ್ಸ್, ಜೇಮ್ಸ್ ಗಾರ್ಡಿನರ್, ವಿಲಿಯಂ ಡೊನಾಲ್ಡ್, ಜೋಸೆಫ್ ಬೆನ್‌ಬೋ, ವಿಲಿಯಂ ಪಟಾನ್. ಕೊನೆಗೆ ಬೂತ್ ಓಲ್ಗಾವನ್ನೇ ಕೊಳವೆಯ ಪಕ್ಕಕ್ಕೆ ತಂದು ಕಾರ್ಟರನನ್ನೂ ಉಳಿದ ಐವರನ್ನೂ ಹತ್ತಿಸಿಕೊಂಡ. ಹಗ್ಗ ಕಡಿದುಹೋದ ಕೊಳವೆ ಮುಳುಗಿತೆಂದೇ ವರದಿ ಕೊಟ್ಟ.

ಮುಳುಗಿರಲಿಲ್ಲ. ಹೇಳುವವರು ಕೇಳುವವರಿಲ್ಲದೆ, ಮೂರು ಸಾವಿರ ವರ್ಷದ ಕಲ್ಲನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೊಲ್ಲಿಯಲ್ಲಿ ತೇಲುತ್ತಲೇ ಇತ್ತು. ನಾಲ್ಕು ದಿನದ ಮೇಲೆ ಮೀನುದೋಣಿಗಳ ಕಣ್ಣಿಗೆ ಬಿತ್ತು. ಫಿಟ್ಸ್‌ಮಾರಿಸ್ ಎಂಬ ಗ್ಲಾಸ್ಗೋ ಹಡಗು ಅದನ್ನು ಸ್ಪೇನಿನ ಫೆರೋಲ್ ಬಂದರಿಗೆ ಎಳೆದು ತಂದಿತು. ಹಡಗಿನ ಒಡೆಯರು ಕೇಳಿದ ಕೂಲಿ ಐದು ಸಾವಿರ ಪೌಂಡು, ವ್ಯಾಜ್ಯವಾಗಿ ಇಳಿದದ್ದು ಎರಡು ಸಾವಿರಕ್ಕೆ. ಡಿಕ್ಸನ್ನರ ವಿನ್ಯಾಸ ಗೆದ್ದಿತು ಎಂದು ನಾನು ಕಚೇರಿಯಲ್ಲಿ ಉತ್ಸಾಹದಿಂದ ಹೇಳಿದಾಗ ಹಿರಿಯರು ಚಾಕು ಫೋರ್ಕು ಕೆಳಗಿಟ್ಟು, "ಆರು ಜನ ಸತ್ತರು, ಯಂಗ್ ಮ್ಯಾನ್" ಎಂದಷ್ಟೇ ಅಂದರು. ಅವರ ತಂದೆ ಹಡಗಿನಲ್ಲಿ ದುಡಿದವರೆಂದು ಆಮೇಲೆ ತಿಳಿಯಿತು. ಕಲ್ಲಿನ ಕಥೆಯನ್ನು ನಾನು ಅಂದಿನಿಂದ ಬೇರೆ ಥರ ಹೇಳತೊಡಗಿದೆ.

ಆಂಗ್ಲಿಯಾ ಎಂಬ ಎಳೆಹಡಗು ಕೊಳವೆಯನ್ನು ಥೇಮ್ಸ್ ನದಿಗೆ ತಂದದ್ದು 1878ರ ಜನವರಿಯಲ್ಲಿ. ನದಿಯ ಬಾಯಿಯ ಗ್ರೇವ್ಸೆಂಡ್ ಊರಿನ ಶಾಲೆಗಳಿಗೆ ಆ ದಿನ ರಜೆ ಕೊಟ್ಟಿದ್ದರು. ಎಲ್ಲಿ ನಿಲ್ಲಿಸುವುದೆಂಬ ಚರ್ಚೆಯಲ್ಲಿ ಪಾರ್ಲಿಮೆಂಟಿನ ಮುಂದೆ ಮರದ ಮಾದರಿ ಕಂಬವೊಂದನ್ನು ನಿಲ್ಲಿಸಿಯೂ ನೋಡಿದರು. ಕಡೆಗೆ ಈ ದಂಡೆಯೇ ನಿಶ್ಚಯವಾಯಿತು. ಮರದ ದೊಡ್ಡ ಅಟ್ಟಣೆ ಕಟ್ಟಿ, ಮಲಗಿದ್ದ ಕಲ್ಲನ್ನು ನೀರೊತ್ತಡದ ಜಾಕಿಗಳಿಂದ ಅಂಗುಲ ಅಂಗುಲ ಎತ್ತಿದರು. ನಡುವಿಗೆ ಉಕ್ಕಿನ ಪಟ್ಟಿ ತೊಡಿಸಿ, ತಕ್ಕಡಿಯ ದಂಡಿಗೆಯನ್ನು ತಿರುಗಿಸುವ ಲೆಕ್ಕದಲ್ಲಿ ಗಾಳಿಯಲ್ಲೇ ತಿರುಗಿಸಿ ನೆಟ್ಟಗೆ ಮಾಡಿದರು. ಪೀಠದ ಮೇಲೆ ಕೂತದ್ದು 1878ರ ಸೆಪ್ಟೆಂಬರ್ 12ರಂದು. ಡಿಕ್ಸನ್ನರಿಗೆ ದುಡ್ಡು ಬಂತು.

ಪೀಠದೊಳಗೆ ಅವರು ಮಡಕೆಗಳಲ್ಲಿ ತುಂಬಿಟ್ಟ ಸಾಮಾನುಗಳ ಪಟ್ಟಿ ನನಗೆ ಬಾಯಿಪಾಠವಾಗಿತ್ತು. ಅಂದಿನ ಚೆಲುವೆಯರೆನಿಸಿದ ಹನ್ನೆರಡು ಹೆಂಗಸರ ಪಟಗಳು, ಕೂದಲಿಗೆ ಸಿಕ್ಕಿಸುವ ಪಿನ್ನುಗಳ ಡಬ್ಬಿ, ಚುಟ್ಟಾದ ಪೆಟ್ಟಿಗೆ, ಹೊಗೆಸೊಪ್ಪು ಸೇದುವ ಕೊಳವೆಗಳು, ಒಂದು ಶಿಲ್ಲಿಂಗಿನ ಕ್ಷೌರದ ಕತ್ತಿ, ಮಕ್ಕಳ ಆಟಿಕೆಗಳು, ಮಗುವಿಗೆ ಹಾಲು ಕುಡಿಸುವ ಬಾಟಲಿ. ನಮ್ಮ ಮನೆಗಳಲ್ಲಿ ಆ ಕಾಲಕ್ಕೆ ಇದೇ ಕೆಲಸಕ್ಕೆ ಒಳಲೆ ಎಂಬ ಪುಟ್ಟ ಮೂತಿಯ ಬಟ್ಟಲು ಇತ್ತು, ಈಗಿನ ಬಾಣಂತಿಯರಿಗೆ ಹೆಸರೂ ಗೊತ್ತಿರಲಿಕ್ಕಿಲ್ಲ. ಇನ್ನು ರೈಲಿನ ವೇಳಾಪಟ್ಟಿ, ಲಂಡನ್ನಿನ ನಕ್ಷೆ, ಹತ್ತು ದಿನಪತ್ರಿಕೆ, ಹಲವು ಭಾಷೆಗಳ ಬೈಬಲ್ಲು, ರಾಣಿಯ ಪಟ, ಕಂಬ ಎತ್ತಿದ ಜಾಕಿ, ತೂಕದ ಕಲ್ಲುಗಳು. ಬ್ರಿಟನ್ನಿನ ನಾಣ್ಯಗಳ ಜೊತೆಗೆ ನಮ್ಮ ಒಂದು ರೂಪಾಯಿ.

ಆ ರೂಪಾಯಿ ಬೆಳ್ಳಿಯದು, ಸರಿಯಾಗಿ ಒಂದು ತೊಲ ತೂಕ. ನಮ್ಮಜ್ಜಿ ಸಂದೂಕದಲ್ಲಿ ಅಂಥ ರಾಣಿಛಾಪಿನ ನಾಲ್ಕು ರೂಪಾಯಿ ಇಟ್ಟುಕೊಂಡಿದ್ದರು. ಖರ್ಚಿಗಲ್ಲ, ತೂಕಕ್ಕೆ. ಅರಿಸಿನ, ಏಲಕ್ಕಿ, ಬಾಣಂತಿಯ ಲೇಹ್ಯದ ಸಾಮಾನು ಏನೇ ತಂದರೂ ಪುಟ್ಟ ತಕ್ಕಡಿಯ ಒಂದು ತಟ್ಟೆಗೆ ರೂಪಾಯಿ ಹಾಕಿ ತೂಗುತ್ತಿದ್ದರು. ಅಜ್ಜಿಯ ತಾಯಿ ಧಾತು ಈಶ್ವರದ ಬರ ಕಂಡವರು. ಅದೆಂದರೆ 1876ರಿಂದ 78ರ ಬರ. ಮೈಸೂರು ಸಂಸ್ಥಾನದ ಐವರಲ್ಲಿ ಒಬ್ಬರು ಸತ್ತ ಬರ. ಕಾಳು ತುಂಬಿಡುವ ಹಗೇವು ಬರಿದಾಗಿ, ಸೇರು ಪಾವುಗಳನ್ನು ಅಳೆಯುವುದಕ್ಕೇ ಏನೂ ಇಲ್ಲದೆ ಮಗುಚಿಟ್ಟಿದ್ದರು ಎಂದು ಅಜ್ಜಿ ತಾನು ಕೇಳಿದ್ದನ್ನು ನಮಗೆ ಹೇಳುತ್ತಿದ್ದರು. ಕಂಬ ಕಡಲಿನಲ್ಲಿ ತೇಲಿದ್ದೂ ಅದೇ ಹೊತ್ತಿನಲ್ಲಿ. ಅದೇ 1877ರಲ್ಲಿ ಲಂಡನ್ನಿನ ಮೇಯರು ಹಿಂದೂಸ್ತಾನದ ಬರಕ್ಕೆಂದು ನಿಧಿ ಕೂಡಿಸಿದ್ದೂ ನಿಜ, ಸಾಮಾನ್ಯ ಜನ ಉದಾರವಾಗಿ ಕೊಟ್ಟದ್ದೂ ನಿಜ. ಆದರೂ ಹೊಟ್ಟೆಗಿಲ್ಲದೆ ಸಾಯುತ್ತಿದ್ದ ನಾಡಿನ ಒಂದು ರೂಪಾಯಿಯನ್ನು ಆಟಿಕೆ, ಚುಟ್ಟಾಗಳ ಪಕ್ಕ ಮಡಕೆಯಲ್ಲಿ ಹೂತಿಟ್ಟದ್ದನ್ನು ನೆನೆದಾಗ ನನಗೆ ಆ ಪೀಠದ ಮುಂದೆ ನಿಲ್ಲುವುದು ಕಷ್ಟವಾಗುತ್ತಿತ್ತು.

ನನ್ನಾಕೆ ಬಂದದ್ದು 1976ರಲ್ಲಿ, ಇಂಗ್ಲೆಂಡಿನಲ್ಲಿ ಹುಲ್ಲೆಲ್ಲ ಒಣಗಿದ ಆ ಬೇಸಿಗೆಯಲ್ಲಿ. ಭಾನುವಾರಗಳಲ್ಲಿ ಸ್ಟ್ರ್ಯಾಂಡ್ ರಸ್ತೆಯ ಮೆಟ್ಟಿಲು ಹತ್ತಿ ಇಂಡಿಯಾ ಕ್ಲಬ್ಬಿನಲ್ಲಿ ದೋಸೆ ತಿಂದು, ಇಳಿಜಾರಿನ ಬೀದಿಯಲ್ಲಿ ನದಿಗೆ ಬರುತ್ತಿದ್ದೆವು. ದಂಡೆಗೆ ಕಟ್ಟಿದ್ದ ಡಿಸ್ಕವರಿ ಹಡಗು, ಕಪ್ತಾನ ಸ್ಕಾಟ್ ದಕ್ಷಿಣ ಧ್ರುವದ ಕಡೆಗೆ ಹೋಗಿದ್ದ ಹಡಗು, ಆಗಿನ್ನೂ ಅಲ್ಲೇ ಇತ್ತು. ಮಗಳು ಹುಟ್ಟಿದ ಮೇಲೆ ಅವಳಿಗೆ ಕಂಬದ ಎರಡು ಕಡೆಯ ಕಂಚಿನ ಸ್ಫಿಂಕ್ಸುಗಳೇ ಆಟದ ಕುದುರೆ. ಜಾರ್ಜ್ ವಲ್ಯಾಮಿ ಎಂಬ ವಾಸ್ತುಶಿಲ್ಪಿ ಮಾಡಿದವು. ಕಾವಲಿಗೆ ಕೂತವು ಹೊರಗೆ ನೋಡಬೇಕು, ಇವು ಕಂಬದ ಕಡೆಗೇ ಮುಖ ಮಾಡಿವೆ. ಬಲಗಡೆಯದರ ಮೈಯಲ್ಲಿ ಅಲ್ಲಲ್ಲಿ ತೂತುಗಳು. ಮಗಳು ಅವುಗಳೊಳಗೆ ಬೆರಳಿಟ್ಟು, "ಅಪ್ಪಾ, ಇದಕ್ಕೆ ಸಿಡುಬು ಬಂದಿತ್ತಾ?" ಎಂದು ಕೇಳಿದಳು.

ಅದು ಬಾಂಬಿನ ಗುರುತು. 1917ರ ಸೆಪ್ಟೆಂಬರ್ 4ರ ನಡುರಾತ್ರಿಗೆ ಸ್ವಲ್ಪ ಮುಂಚೆ ಜರ್ಮನರ ವಿಮಾನವೊಂದು ಎಸೆದ ಬಾಂಬು ಕಂಬದ ಪಕ್ಕದ ರಸ್ತೆಗೆ ಬಿತ್ತು. ಹಾದುಹೋಗುತ್ತಿದ್ದ ಟ್ರಾಮಿನ ಚಾಲಕನೂ ಇಬ್ಬರು ಪ್ರಯಾಣಿಕರೂ ಸತ್ತರು. ಸಿಡಿದ ಚೂರುಗಳು ಪೀಠಕ್ಕೂ ಸ್ಫಿಂಕ್ಸಿಗೂ ನಾಟಿದವು. ಆ ಗಾಯಗಳನ್ನು ಮುಚ್ಚದೆ, ಪಕ್ಕದಲ್ಲಿ ಒಂದು ಫಲಕ ಹಾಕಿ ಹಾಗೇ ಬಿಟ್ಟಿದ್ದಾರೆ. ಅವರು ಮಾಡಿದ ಕೆಲಸಗಳಲ್ಲಿ ನನಗೆ ಬಹಳ ಹಿಡಿಸಿದ್ದು ಇದು. ಐದು ವರ್ಷದ ಮಗಳಿಗೆ ಯುದ್ಧ ಎಂದರೇನೆಂದು ಹೇಳಲು ನನಗೆ ಬೇರೆ ಪಾಠ ಬೇಕಾಗಲಿಲ್ಲ.

ಜೋಡಿಯಲ್ಲಿ ಇನ್ನೊಂದು ಕಂಬ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿದೆ. 1881ರಲ್ಲಿ ಅಲ್ಲಿ ನಿಂತದ್ದು. ಹೆನ್ರಿ ಗೊರಿಂಜ್ ಎಂಬ ನೌಕಾಧಿಕಾರಿ ಸಾಗಿಸಿದ್ದು, ಖರ್ಚು ವಿಲಿಯಂ ವ್ಯಾಂಡರ್‌ಬಿಲ್ಟ್ ಎಂಬ ಶ್ರೀಮಂತರದು. ಮಗಳು ದೊಡ್ಡವಳಾಗಿ ಅಮೆರಿಕಕ್ಕೆ ಹೋದ ಮೇಲೆ ಅದನ್ನೂ ನೋಡಿದೆ. ಎರಡು ಮುಖಗಳಲ್ಲಿ ಅಕ್ಷರಗಳು ಚೆನ್ನಾಗಿ ಕಾಣುತ್ತವೆ, ಉಳಿದ ಕಡೆ ಅಳಿಸಿಹೋಗಿವೆ. 2011ರಲ್ಲಿ ಈಜಿಪ್ಟಿನ ಪುರಾತತ್ವದ ಮುಖ್ಯಸ್ಥ ಜಾಹಿ ಹವಾಸ್ ನ್ಯೂಯಾರ್ಕಿನವರಿಗೆ ಕಾಗದ ಬರೆದು, ಸರಿಯಾಗಿ ನೋಡಿಕೊಳ್ಳಲಾಗದಿದ್ದರೆ ವಾಪಸು ತೆಗೆದುಕೊಳ್ಳುತ್ತೇವೆ ಎಂದರು. ಮೂರು ವರ್ಷದ ಮೇಲೆ ಅದನ್ನು ಲೇಸರ್ ಕಿರಣದಿಂದ ತೊಳೆದರು. ಆ ಎಚ್ಚರಿಕೆ ಬೇಕಾಗಿತ್ತು.

ಲಂಡನ್ನಿನದನ್ನು ಕೊನೆಯ ಸಲ ನೋಡಿದ್ದು ಈಚೆಗೆ, ಮೊಮ್ಮಗನ ಜೊತೆ. ಆರು ಪೆನ್ಸ್ ಟೀಯ ಪೆಟ್ಟಿಗೆಯಂಗಡಿ ಇಲ್ಲ. ಇಂಡಿಯಾ ಕ್ಲಬ್ಬು 2023ರ ಸೆಪ್ಟೆಂಬರಿನಲ್ಲಿ ಬಾಗಿಲು ಹಾಕಿತು. ಡಿಸ್ಕವರಿ ಹಡಗು ಸ್ಕಾಟ್ಲೆಂಡಿನ ಡಂಡಿಗೆ ಹೋಗಿ ದಶಕಗಳಾದವು. ರೈಲುಸೇತುವೆಗೆ ಅಂಟಿಕೊಂಡಿದ್ದ ಇಕ್ಕಟ್ಟಾದ ಕಾಲುದಾರಿಯ ಬದಲು 2002ರಿಂದ ಎರಡು ಅಗಲ ಸೇತುವೆಗಳಿವೆ. ಟ್ರಾಮು ಓಡಿದ ರಸ್ತೆಯ ಅಂಚಿನಲ್ಲಿ ಸೈಕಲ್ಲಿನವರ ದಾರಿ. ಬಾಜಲ್ಗೆಟ್‌ನ ಕಾಲುವೆ ಸಾಲದೆ, 25 ಕಿಲೋಮೀಟರು ಉದ್ದದ ಹೊಸ ಸುರಂಗವನ್ನು ನದಿಯ ಕೆಳಗೇ ತೋಡಿದ್ದಾರೆ. ಊರೆಂದ ಮೇಲೆ ಹೀಗೆಯೇ. ಕೆಸರಿನ ವಾಸನೆ ಮಾತ್ರ ನೀರು ಇಳಿದಾಗ ಇನ್ನೂ ಬರುತ್ತದೆ. ಕಂಬ ಮೊದಲಿನಷ್ಟು ಕಪ್ಪಗಿಲ್ಲ, ಬಿಸಿಲು ಬಿದ್ದರೆ ಒಳಗಿನ ನಸುಗೆಂಪು ಕಾಣುತ್ತದೆ.

ಮೊಮ್ಮಗ, "ತಾತ, ಇದನ್ನು ಈಜಿಪ್ಟಿಗೆ ವಾಪಸು ಕೊಡಬೇಕಲ್ವಾ?" ಎಂದು ಕೇಳಿದ. ಅವನ ಶಾಲೆಯಲ್ಲಿ ಈಗ ಇಂಥ ಪ್ರಶ್ನೆ ಕೇಳಿಸುತ್ತಾರೆ, ಒಳ್ಳೆಯದೇ. ನಾನು ನನಗನ್ನಿಸಿದ್ದು ಹೇಳಿದೆ. ಕೊಟ್ಟವನು ಆ ನಾಡಿನ ಜನರನ್ನು ಕೇಳಿ ಕೊಟ್ಟದ್ದಲ್ಲ. ಈಜಿಪ್ಟಿನವರು ಬೇಕೆಂದು ಕೇಳಿದರೆ ಬ್ರಿಟನ್ನು ಕೊಡಬೇಕು, ಸಾಗಿಸುವ ಖರ್ಚನ್ನೂ ತಾನೇ ಹಾಕಬೇಕು. ಕೇಳುವವರೆಗೆ ಮಳೆ ಹೊಗೆಗಳಿಂದ ಕಾಯಬೇಕು. ಪ್ಯಾರಿಸ್ಸಿಗೆ ಕೊಟ್ಟಿದ್ದ ಜೋಡಿ ಕಂಬಗಳಲ್ಲಿ ಲಕ್ಸಾರಿನಲ್ಲೇ ಉಳಿದ ಎರಡನೆಯದರ ಮೇಲಿನ ಹಕ್ಕನ್ನು ಫ್ರಾನ್ಸ್ 1981ರಲ್ಲಿ ಬಿಟ್ಟುಕೊಟ್ಟಿದೆ, ಆಗದ ಮಾತೇನಲ್ಲ.

ಈಗ ನಮ್ಮವರು ಬಹಳ ಜನ ಲಂಡನ್ನಿಗೆ ಹೋಗುತ್ತಾರೆ, ನದಿಯ ಆಚೆ ದಡದಲ್ಲಿ 2015ರಲ್ಲಿ ಅನಾವರಣವಾದ ಬಸವಣ್ಣನವರ ಪ್ರತಿಮೆ ನೋಡಿ ಪಟ ತೆಗೆಸಿಕೊಂಡು ಬರುತ್ತಾರೆ. ಅಲ್ಲಿಂದ ಸೇತುವೆ ದಾಟಿ ದಂಡೆಗುಂಟ ಸ್ವಲ್ಪ ದೂರ ಈ ಕಡೆಗೆ ನಡೆದು ಬನ್ನಿ. ಕಂಬದ ಮುಂದೆ ನಿಂತು ಹೊರಟುಬಿಡಬೇಡಿ, ಪೀಠದ ನಾಲ್ಕೂ ಕಡೆ ಸುತ್ತಿ. ಕಂಚಿನ ಫಲಕಗಳಲ್ಲಿ ಅರಸರು, ಸೇನಾಪತಿಗಳು, ದುಡ್ಡು ಕೊಟ್ಟವರು ಎಲ್ಲ ಇದ್ದಾರೆ. ಒಂದರಲ್ಲಿ ಆ ಆರು ನಾವಿಕರ ಹೆಸರುಗಳಿವೆ. ಅವನ್ನು ಪೂರ್ತಿ ಓದಿ, ಜೊತೆಗೆ ಮಕ್ಕಳಿದ್ದರೆ ಗಟ್ಟಿಯಾಗಿ ಓದಿಸಿ. ಎಂಬೇಂಕ್‌ಮೆಂಟ್ ನಿಲ್ದಾಣದಿಂದ ಐದು ನಿಮಿಷದ ದಾರಿ. ಟಿಕೇಟಿಲ್ಲ, ಬಾಗಿಲಿಲ್ಲ, ಯಾವ ಹೊತ್ತಿಗೆ ಹೋದರೂ ನೋಡಬಹುದು.